ಹಾಲೇರಿ ಅರಸರ ಕಾಲದ ಕುಪ್ಯ, ಪಾಲಿಯೆಸ್ಟರ್ ದಾರ

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರವಾದಾಗ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಮನೆತನದ ಮೂಲ ಮನೆಗಳಲ್ಲಿ, ಮಳೆಗಾಲವಿಡೀ ಮುಚ್ಚಿಟ್ಟಿದ್ದ ಟ್ರಂಕುಗಳು ತೆರೆಯುತ್ತವೆ. ಕುಪ್ಯ ಎಂಬ ಉದ್ದ ನಿಲುವಂಗಿ, ಸೊಂಟಕ್ಕೆ ಸುತ್ತುವ ಚೇಲೆ, ತಲೆಗೆ ಸುತ್ತುವ ಮಂಡೆತುಣಿಗಳು ಬಿಸಿಲು ಕಾಣುತ್ತವೆ. ಒಕ್ಕದ (ಮನೆತನದ) ಹಿರಿಯರೊಬ್ಬರು ಒಂದು ಕುಪ್ಯವನ್ನು ಎತ್ತಿ ಹಿಡಿದು, "ಇದು ಹಾಲೇರಿ ಅರಸರ ಕಾಲದ್ದು" ಎನ್ನುತ್ತಾರೆ. ಸುತ್ತಲಿದ್ದವರು ತಲೆದೂಗುತ್ತಾರೆ. ಅದರ ಒಳಮಗ್ಗುಲನ್ನು ತಿರುವಿ ನೋಡುವವರು ಮಾತ್ರ ಯಾರೂ ಇಲ್ಲ. ನನಗೆ ಅಸಮಾಧಾನವಾಗುವುದು ಈ ಕಾರಣಕ್ಕೆ. ಹಿರಿಯರ ಮಾತಿಗೆ ಗೌರವ ಕೊಡೋಣ. ಆದರೆ ಆ ಬಟ್ಟೆಗೂ ಒಂದು ಮಾತಿದೆ, ಅದನ್ನೂ ಕೇಳಬೇಕಲ್ಲವೇ?

ಕೊಡಗನ್ನಾಳಿದ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ ಪದಚ್ಯುತಗೊಳಿಸಿದ್ದು 1834ರಲ್ಲಿ. ಹಾಲೇರಿ ಕಾಲದ್ದು ಎಂದರೆ ಆ ವರ್ಷಕ್ಕಿಂತ ಮೊದಲಿನದು, ಅಂದರೆ ಸುಮಾರು 190 ವರ್ಷ ದಾಟಿದ್ದು ಎಂದಾಯಿತು. ಇದು ಪರೀಕ್ಷಿಸಬಹುದಾದ ಹೇಳಿಕೆ. ಅದೃಷ್ಟಕ್ಕೆ 1834 ಬಹಳ ಅನುಕೂಲದ ಗಡಿ. ಬಟ್ಟೆಯ ಜಗತ್ತನ್ನು ತಲೆಕೆಳಗು ಮಾಡಿದ ಸಂಗತಿಗಳೆಲ್ಲ, ಹೊಲಿಗೆ ಯಂತ್ರ, ಕೃತಕ ಬಣ್ಣ, ಕೃತಕ ನೂಲು, ಜಿಪ್, ಎಲ್ಲವೂ ಬಳಕೆಗೆ ಬಂದದ್ದು ಅದಾದ ಮೇಲೆ.

ಕಾಲನಿರ್ಣಯದ ತರ್ಕ ಸರಳ. ಒಂದು ಉಡುಪಿನಲ್ಲಿ ಮೂಲತಃ ಇದ್ದ ಅತ್ಯಂತ ಹೊಸ ವಸ್ತು ಯಾವುದೋ, ಉಡುಪು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬಟ್ಟೆ ಎಷ್ಟೇ ಪುರಾತನವಾಗಿರಲಿ, ಅದನ್ನು ಜೋಡಿಸಿದ ದಾರ ಪಾಲಿಯೆಸ್ಟರ್ ಆಗಿದ್ದರೆ ಕಥೆ ಮುಗಿಯಿತು. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ರೂಪಿಸಿದ್ದು 1941ರಲ್ಲಿ. ನಮ್ಮ ದರ್ಜಿಗಳ ಕೈಗೆ ಅದು ಬಂದದ್ದು ಇನ್ನೂ ತಡವಾಗಿ. "ಮೂಲತಃ" ಎಂಬುದನ್ನು ಮರೆಯಬಾರದು. ಗುಂಡಿ ಬಿದ್ದುಹೋಗಿ ಮೊನ್ನೆ ಹೊಸದು ಹಾಕಿರಬಹುದು, ತೋಳಿನ ಅಂಚು ಹರಿದು ಮತ್ತೆ ಮಡಚಿ ಹೊಲಿದಿರಬಹುದು. ಹಾಗಾಗಿ ನೋಡಬೇಕಾದದ್ದು ಭುಜದ, ಪಕ್ಕದ, ಕಂಕುಳಿನ ಹೊಲಿಗೆಗಳನ್ನು. ಅವನ್ನು ಬಿಚ್ಚಿದರೆ ಉಡುಪೇ ಬಿಚ್ಚಿಹೋಗುತ್ತದೆ. ದಾರದ ಒಂದು ಚಿಕ್ಕ ತುಣುಕನ್ನು ಚಿಮುಟದಲ್ಲಿ ಹಿಡಿದು ಸುಟ್ಟರೆ ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ರೇಷ್ಮೆ ಮತ್ತು ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ದಾರ ಹತ್ತಿಯದೇ ಎಂದಾದರೆ ಹೊಲಿಗೆಯನ್ನು ನೋಡಿ. ಎರಡು ದಾರಗಳು ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಯಂತ್ರದ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣುತ್ತದೆ. ಕೈ ಹೊಲಿಗೆಯಲ್ಲಿ ಸೂಜಿ ಹಿಂದಕ್ಕೆ ಬಂದು ಮುಂದೆ ಹೋಗುವ ಬಗೆ ಮೇಲ್ಮಗ್ಗುಲಲ್ಲಿ ಯಂತ್ರದಷ್ಟೇ ನೀಟಾಗಿ ಕಂಡರೂ ಒಳಮಗ್ಗುಲಲ್ಲಿ ದಾರ ಒಂದರ ಮೇಲೊಂದು ಏರಿರುತ್ತದೆ. ಇಂಥ ಯಂತ್ರಕ್ಕೆ ಎಲಿಯಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ, ಸಿಂಗರ್ 1851ರಲ್ಲಿ. ಅದಕ್ಕೂ ಮೊದಲು, 1830ರಲ್ಲಿ, ಫ್ರಾನ್ಸಿನ ಟಿಮೋನಿಯೆ ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ಸೈನ್ಯಕ್ಕೆ ಸಮವಸ್ತ್ರ ಹೊಲಿಸತೊಡಗಿದಾಗ ಹೊಟ್ಟೆಪಾಡು ಹೋಗುವುದೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಪ್ಯಾರಿಸ್ಸಿನಲ್ಲೇ ನಿಲ್ಲಲಾಗದ ಯಂತ್ರ ಅರಸರ ಕಾಲದ ಮಡಿಕೇರಿಗೆ ಬಂದಿತ್ತೆಂದು ನಂಬುವುದು ಕಷ್ಟ.

ಇನ್ನು ಬಣ್ಣ. ಈ ವಿಷಯಕ್ಕೆ ಬಂದರೆ ನನಗೆ ನಿಲ್ಲಿಸಲು ಮನಸ್ಸಾಗುವುದಿಲ್ಲ. 1856ರ ಈಸ್ಟರ್ ರಜೆಯಲ್ಲಿ, ಲಂಡನ್ನಿನ ತನ್ನ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ, ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೊರಟಿದ್ದ. ಮಲೇರಿಯಾಕ್ಕೆ ಆಗ ಇದ್ದ ಮದ್ದೆಂದರೆ ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಬರುವ ಕ್ವಿನೈನ್ ಒಂದೇ. ಅದು ದುಬಾರಿ, ಸಾಮ್ರಾಜ್ಯಕ್ಕೆ ಅದು ಬೇಕೇ ಬೇಕು. ಮಲೆನಾಡಿನ ಚಳಿಜ್ವರದ ಕಥೆಗಳನ್ನು ಅಜ್ಜಿಯರಿಂದ ಕೇಳಿದವರಿಗೆ ಆ ಆತುರ ಅರ್ಥವಾಗುತ್ತದೆ. ಮುಂದೆ 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳೆದ್ದದ್ದೂ ಇದೇ ಆತುರದಿಂದ. ಕಲ್ಲಿದ್ದಲ ಟಾರಿನಿಂದ ಬರುವ ಅನಿಲೀನ್‌ನೊಡನೆ ಆಟವಾಡಿದ ಪರ್ಕಿನ್‌ಗೆ ಕ್ವಿನೈನ್ ಸಿಗಲಿಲ್ಲ, ಕಪ್ಪು ಗಸಿ ಸಿಕ್ಕಿತು. ಪಾತ್ರೆ ತೊಳೆಯಲು ಆಲ್ಕೋಹಾಲ್ ಸುರಿದಾಗ ಅದು ನೇರಳೆಯಾಯಿತು, ರೇಷ್ಮೆಗೆ ಹಿಡಿಯಿತು. ಜಗತ್ತಿನ ಬಟ್ಟೆಯ ಬಣ್ಣವೇ ಬದಲಾದದ್ದು ಆ ಗಸಿಯಿಂದ. 1859ರಲ್ಲಿ ಮಜೆಂಟಾ ಬಂತು, 1868ರಲ್ಲಿ ಮಂಜಿಷ್ಠದ ಜಾತಿಯ ಬೇರುಗಳ ಕೆಂಪಾದ ಅಲಿಜರಿನ್ ಕೃತಕವಾಗಿ ಸಿದ್ಧವಾಯಿತು, 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು.

ಹೀಗಾಗಿ ಕಪ್ಪು ಕುಪ್ಯಕ್ಕಿಂತ ಅದರ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ ಹೆಚ್ಚು ಮಾತನಾಡುತ್ತದೆ. ಆ ಕೆಂಪು ಅರಗಿನ ಕೀಟದ್ದೇ, ಬೇರಿನದೇ, ಕಾರ್ಖಾನೆಯದೇ? ಕೆಲವು ಮಿಲಿಮೀಟರ್ ಎಳೆ ಸಿಕ್ಕರೆ ಪ್ರಯೋಗಶಾಲೆಯ ಕ್ರೊಮಾಟೊಗ್ರಫಿ ಬಣ್ಣದ ಅಣುಗಳನ್ನು ಬೇರ್ಪಡಿಸಿ ಹೇಳಿಬಿಡುತ್ತದೆ. ಅರಗಿನ ಕೆಂಪಿನಲ್ಲಿ ಲ್ಯಾಕೈಕ್ ಆಮ್ಲ, ಮೆಕ್ಸಿಕೊ ಕಡೆಯ ಕೊಚಿನೀಲ್ ಕೀಟದ ಕೆಂಪಿನಲ್ಲಿ ಕಾರ್ಮಿನಿಕ್ ಆಮ್ಲ. ಯುರೋಪಿನ ಮ್ಯಾಡರ್ ಬೇರಿನಲ್ಲಿ ಅಲಿಜರಿನ್ ಮತ್ತು ಪರ್ಪುರಿನ್ ಎರಡೂ ಇವೆ. ನಮ್ಮ ಮಂಜಿಷ್ಠದಲ್ಲಿ ಪರ್ಪುರಿನ್ ಮತ್ತು ಮಂಜಿಸ್ಟಿನ್ ಮುಖ್ಯ. ಕೋರಮಂಡಲ ಕರಾವಳಿಯ ಬಣ್ಣಗಾರರು ಬಳಸುತ್ತಿದ್ದ ಚಾಯ್ ಬೇರಿನಲ್ಲಿ ಅಲಿಜರಿನ್ ಇದೆ, ಪರ್ಪುರಿನ್ ಇಲ್ಲ. ಬಟ್ಟೆ ಯಾವ ಸೀಮೆಯಿಂದ ಬಂತು ಎಂಬುದಕ್ಕೆ ಬಣ್ಣದಷ್ಟು ಒಳ್ಳೆಯ ಸಾಕ್ಷಿ ಅಪರೂಪ. ಹತ್ತಿ ಕೊಡಗಿನ ಮಳೆನಾಡಿನ ಬೆಳೆಯಲ್ಲ. ಹತ್ತಿ ಬೆಳೆದದ್ದು, ನೂಲಿಗೆ ಬಣ್ಣ ಹಾಕಿದ್ದು, ನೇಯ್ದದ್ದು, ಕೊನೆಗೆ ಹೊಲಿದದ್ದು ನಾಲ್ಕು ಬೇರೆ ಊರುಗಳಾಗಿರಬಹುದು. "ಇದು ಎಲ್ಲಿಯದು" ಎಂಬ ಪ್ರಶ್ನೆಗೆ ಒಂದೇ ಉತ್ತರ ನಿರೀಕ್ಷಿಸುವವರು ನಿರಾಶರಾಗುವುದು ಖಚಿತ.

ಪ್ರಯೋಗಶಾಲೆ ಇಲ್ಲದವರು ಮಡಿಕೆಯ ಒಳಗನ್ನು ನೋಡಬೇಕು. ಮೊದಲ ತಲೆಮಾರಿನ ಅನಿಲೀನ್ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತಿದ್ದವು. ಹೊರಗೆ ಕಂದಿ, "ಎಷ್ಟು ಸಹಜ ಬಣ್ಣ" ಎಂದು ಹೊಗಳಿಸಿಕೊಳ್ಳುವ ಕಸೂತಿಯ ಎಳೆ ಒಳಮಗ್ಗುಲಲ್ಲಿ ಕಣ್ಣುಕುಕ್ಕುವ ಮಜೆಂಟಾ ಆಗಿದ್ದರೆ ಅದು ಹಾಲೇರಿ ಅರಮನೆಯನ್ನು ಕಂಡದ್ದಲ್ಲ.

ಬಿಳಿ ಬಟ್ಟೆಗೆ ಬೇರೆ ಪರೀಕ್ಷೆಯಿದೆ. ಮದುಮಗ ತೊಡುವ ಬಿಳಿ ಕುಪ್ಯದ ಮೇಲೆ, ಖೋಟಾ ನೋಟು ಪತ್ತೆಹಚ್ಚುವ ನೇರಳಾತೀತ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಬೆಳಗಿಸಿ. ಅದು ನೀಲಿಯಾಗಿ ಹೊಳೆದರೆ ಅದರಲ್ಲಿ ಬೆಳ್ಪುಕಾರಕ ಸೇರಿದೆ ಎಂದು ಅರ್ಥ. ಜರ್ಮನಿಯ ಪಾಲ್ ಕ್ರೈಸ್ 1929ರಲ್ಲಿ ಹಾರ್ಸ್ ಚೆಸ್ಟ್‌ನಟ್ ಮರದ ತೊಗಟೆಯ ಎಸ್ಕ್ಯುಲಿನ್ ಎಂಬ ವಸ್ತುವಿನಲ್ಲಿ ಅದ್ದಿದ ಬಟ್ಟೆ ಹೆಚ್ಚು ಬೆಳ್ಳಗೆ ಕಾಣುವುದನ್ನು ಗಮನಿಸಿದ. 1940ರ ದಶಕದಿಂದ ಇದೇ ತತ್ತ್ವದ ಕೃತಕ ಅಣುಗಳು ಬಟ್ಟೆ ಗಿರಣಿಗೂ ಸಾಬೂನಿನ ಪುಡಿಗೂ ಹೊಕ್ಕವು. ಈ ಅಣು ಕಣ್ಣಿಗೆ ಕಾಣದ, ಸುಮಾರು 340ರಿಂದ 370 ನ್ಯಾನೋಮೀಟರ್ ತರಂಗಾಂತರದ ನೇರಳಾತೀತವನ್ನು ನುಂಗುತ್ತದೆ. ನುಂಗಿದ ಶಕ್ತಿಯಲ್ಲಿ ಸ್ವಲ್ಪ ಭಾಗ ಅಣುವಿನ ಕಂಪನವಾಗಿ, ಶಾಖವಾಗಿ ಸೋರಿಹೋಗುತ್ತದೆ. ಉಳಿದದ್ದು ಕಡಿಮೆ ಶಕ್ತಿಯ ಬೆಳಕಾಗಿ, 420ರಿಂದ 470 ನ್ಯಾನೋಮೀಟರ್‌ನ ನೀಲಿಯಾಗಿ ಹೊರಬರುತ್ತದೆ. ಹಳದಿಗೆ ತಿರುಗಿದ ಬಟ್ಟೆ ಎಂದರೆ ನೀಲಿಯನ್ನು ಹೀರಿಕೊಳ್ಳುವ ಬಟ್ಟೆ. ಆ ಕೊರತೆಯನ್ನು ಈ ಹೊಸ ನೀಲಿ ತುಂಬಿಕೊಡುತ್ತದೆ. ನಮ್ಮ ಮನೆಗಳಲ್ಲಿ ಬಕೆಟ್‌ಗೆ ಹಾಕುತ್ತಿದ್ದ ನೀಲಿಪುಡಿಯ ಕೆಲಸ ಇದಕ್ಕೆ ತದ್ವಿರುದ್ಧ. ಅದು ಹಳದಿ ಬೆಳಕನ್ನು ತಾನೇ ಹೀರಿ ಕಣ್ಣಿಗೆ ಸಮತೋಲ ತೋರಿಸುತ್ತದೆ, ಒಟ್ಟು ಬೆಳಕನ್ನು ಕಡಿಮೆ ಮಾಡುತ್ತದೆ. ಟಾರ್ಚಿನ ಕೆಳಗೆ ನೀಲಿಪುಡಿ ಹೊಳೆಯುವುದಿಲ್ಲ.

ಇಲ್ಲಿ ಒಂದು ಬಲೆ ಇದೆ. ನೂರು ವರ್ಷದ ಬಟ್ಟೆಯನ್ನು ಕಳೆದ ವರ್ಷ ಒಮ್ಮೆ ಸಾಬೂನಿನ ಪುಡಿಯಲ್ಲಿ ಒಗೆದಿದ್ದರೂ ಅದು ಥಳಥಳ ಹೊಳೆಯುತ್ತದೆ. ಆದ್ದರಿಂದ ಹೊಳಪು ಏನನ್ನೂ ಸಾಬೀತುಮಾಡುವುದಿಲ್ಲ. ಹೊಳೆಯದಿರುವುದು ಮಾತ್ರ ಹಳತಿನ ಪರವಾದ ಸಣ್ಣ ಸಾಕ್ಷಿ. ನಿಜವಾಗಿ ಸ್ವಾರಸ್ಯ ಇರುವುದು ಅರೆಬರೆ ಹೊಳಪಿನಲ್ಲಿ. ಬಟ್ಟೆ ಮಂಕಾಗಿದ್ದು ಹೊಲಿಗೆಯ ಗೆರೆಗಳಷ್ಟೇ ಕತ್ತಲಲ್ಲಿ ಉರಿದರೆ, ಹಳೆಯ ಬಟ್ಟೆಯನ್ನು ಹೊಸ ದಾರದಲ್ಲಿ ಹೊಲಿದಿದ್ದಾರೆ.

ಸವೆತವನ್ನು ವಯಸ್ಸೆಂದು ತಿಳಿಯುವುದು ಕೊಡಗಿನಲ್ಲಂತೂ ದೊಡ್ಡ ತಪ್ಪು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಬೂಷ್ಟು, ಒಲೆಯ ಹೊಗೆ, ಜಿರಳೆ ಸೇರಿ ಬಟ್ಟೆಯನ್ನು ಕೆಲವೇ ವರ್ಷಗಳಲ್ಲಿ ಮುದಿಯಾಗಿಸುತ್ತವೆ. ಕಪ್ಪು ಬಟ್ಟೆಗೆ ಇನ್ನೊಂದು ಶಾಪ. ಕಬ್ಬಿಣ ಮತ್ತು ಅಳಲೆಕಾಯಿಯಂಥ ಒಗರಿನಿಂದ ಮಾಡಿದ ಹಳೆಯ ಕಪ್ಪು ನೂಲನ್ನು ನಿಧಾನವಾಗಿ ತಿನ್ನುತ್ತದೆ. 1890ರ ದಶಕದಲ್ಲಿ ಬಂದ ಗಂಧಕದ ಕಪ್ಪು ಬಣ್ಣ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅದರೊಳಗೆ ಗಂಧಕಾಮ್ಲ ಹುಟ್ಟಿ ಹತ್ತಿ ಕಾಗದದಂತೆ ಹರಿಯುತ್ತದೆ. ಮುಟ್ಟಿದರೆ ಹರಿಯುವ ಕುಪ್ಯ ನಿಮ್ಮ ತಂದೆಯ ಮದುವೆಯದೇ ಇರಬಹುದು.

ಸೀರೆಯ ವಿಷಯದಲ್ಲಿ ಹೊಲಿಗೆಯ ಸಾಕ್ಷಿ ಇಲ್ಲ. ಕೊಡವ ಸೀರೆಯ ನೆರಿಗೆ ಬೆನ್ನಿಗೆ ಹೋದದ್ದು ಬಲಮುರಿಯಲ್ಲಿ ಕಾವೇರಿಯ ರಭಸದಿಂದ ಎಂಬ ಕಥೆ ಸೊಗಸಾಗಿದೆ. ಆದರೆ ಉಡುವ ಕ್ರಮದಿಂದ ಬಟ್ಟೆಯ ವಯಸ್ಸು ತಿಳಿಯುವುದಿಲ್ಲ. ಜರಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹಳೆಯ ಅಸಲಿ ಜರಿಯಲ್ಲಿ ಚಪ್ಪಟೆ ಮಾಡಿದ ಬೆಳ್ಳಿತಂತಿ ರೇಷ್ಮೆ ಎಳೆಯ ಸುತ್ತ ಸುತ್ತಿಕೊಂಡಿರುತ್ತದೆ, ಚಿನ್ನದ ಲೇಪ ಸವೆದಲ್ಲಿ ಕಪ್ಪಾಗಿರುತ್ತದೆ. ಪ್ಲಾಸ್ಟಿಕ್ ಪೊರೆಯ ಜರಿ ಕಪ್ಪಾಗುವುದಿಲ್ಲ, ಅದು ಇಪ್ಪತ್ತನೆಯ ಶತಮಾನದ ನಡುಭಾಗದ ನಂತರದ್ದು. "ಮುತ್ತಜ್ಜಿಯ ಮುತ್ತಜ್ಜಿಯ ಮೈಸೂರು ಸಿಲ್ಕ್" ಎನ್ನುವವರಿಗೆ ಒಂದು ಮಾತು: ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದೇ 1912ರಲ್ಲಿ.

ಪಟ್ಟಿ (ಲೇಬಲ್) ಅಥವಾ ಮುದ್ರೆ ಉಳಿದಿದ್ದರೆ ರಸಾಯನಶಾಸ್ತ್ರವೇ ಬೇಡ, ಕೊಡಗಿನ ರಾಜಕೀಯ ಚರಿತ್ರೆ ಸಾಕು. ದರ್ಜಿಯ ಪಟ್ಟಿಯಲ್ಲಿ "ಮರ್ಕೆರಾ, ಕೂರ್ಗ್" (ಮಡಿಕೇರಿ, ಕೊಡಗು ಎಂಬುದರ ಇಂಗ್ಲಿಷ್ ರೂಪ) ಎಂದಷ್ಟೇ ಇದೆಯೇ? ಕೊಡಗು ಪ್ರತ್ಯೇಕವಾಗಿದ್ದ 1956ರ ಹಿಂದಿನದಾಗಿರುವ ಸಂಭವ ಹೆಚ್ಚು, ಹಳೆಯ ಹೆಸರನ್ನೇ ಮುಂದುವರಿಸಿದ ಅಂಗಡಿಗಳೂ ಇದ್ದಾವು. "ಮೈಸೂರು ರಾಜ್ಯ" ಎಂದಿದ್ದರೆ 1956ರಿಂದ 1973ರ ನಡುವಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಥಾನಿನ ಅಂಚಿನಲ್ಲಿ ಗಜದ ಲೆಕ್ಕ ಅಚ್ಚಾಗಿದ್ದರೆ 1889ರ ಸರಕು ಗುರುತಿನ ಕಾಯಿದೆಯನ್ನು ನೆನೆಯಿರಿ; ಉದ್ದವನ್ನು ಗಜಗಳಲ್ಲಿ ಮುದ್ರಿಸಬೇಕೆಂದು ಅದು ಕಟ್ಟಳೆ ಮಾಡಿತ್ತು. ಮೀಟರ್ ಬಂದದ್ದು ಸ್ವಾತಂತ್ರ್ಯಾನಂತರದ ಮೆಟ್ರಿಕ್ ಸುಧಾರಣೆಯೊಂದಿಗೆ. ಸೈನಿಕರ ಮನೆಗಳು ಇಷ್ಟೊಂದಿರುವ ಜಿಲ್ಲೆಯಲ್ಲಿ ಬ್ರಿಟಿಷ್ ಸರ್ಕಾರದ ಬಾಣದ ಗುರುತಿರುವ ಖಾಕಿ ಅಂಗಿಗಳನ್ನೂ ಮರೆಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕಾರ್ಬನ್ ಡೇಟಿಂಗ್ ಮಾಡಿಸಿದರೆ ಆಯಿತಲ್ಲ?" ಆಗುವುದಿಲ್ಲ. ಗಾಳಿಯಿಂದ ನೂಲಿಗೆ ಸೇರಿದ ಕಾರ್ಬನ್-14 ಕಾಲಕ್ರಮೇಣ ಕರಗುತ್ತದೆ; ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, 5,730 ವರ್ಷ. ಇನ್ನೂರು ವರ್ಷದಲ್ಲಿ ಕರಗುವುದು ಶೇಕಡ ಎರಡೂವರೆಯಷ್ಟೇ. ಅದನ್ನಾದರೂ ಅಳೆಯಬಹುದು, ಆದರೆ ವಾತಾವರಣದಲ್ಲಿ ಈ ಕಾರ್ಬನ್ನಿನ ಪ್ರಮಾಣವೇ ಏರಿಳಿದಿದೆ. 1650ರಿಂದ 1950ರವರೆಗೆ ಸೂರ್ಯನ ಚಟುವಟಿಕೆಯ ಬದಲಾವಣೆ ಮತ್ತು ಕಲ್ಲಿದ್ದಲ ಹೊಗೆ ಸೇರಿ ಲೆಕ್ಕವನ್ನು ಕಲಸಿಹಾಕಿವೆ. ಸಂಪಾಜೆ ಘಾಟಿಯಲ್ಲಿ ಏರುತ್ತ ಇಳಿಯುತ್ತ ಹೋಗುವಾಗ "ಈಗ ಇಷ್ಟು ಎತ್ತರದಲ್ಲಿದ್ದೇನೆ" ಎಂದು ಫೋನಿನಲ್ಲಿ ಹೇಳಿದರೆ ನೀವು ಯಾವ ತಿರುವಿನಲ್ಲಿದ್ದೀರಿ ಎಂದು ತಿಳಿಯುವುದಿಲ್ಲ, ಅದೇ ಎತ್ತರ ಹಲವು ಕಡೆ ಸಿಗುತ್ತದೆ. ಹಾಗೆಯೇ ಒಂದೇ ಅಳತೆ ಟಿಪ್ಪುವಿನ ಕಾಲಕ್ಕೂ ಎರಡನೇ ಮಹಾಯುದ್ಧದ ಕಾಲಕ್ಕೂ ಹೊಂದಬಹುದು.

ವಿಚಿತ್ರವೆಂದರೆ 1955ರ ನಂತರದ ಹತ್ತಿಗೆ ಈ ವಿಧಾನ ಅದ್ಭುತವಾಗಿ ಕೆಲಸ ಮಾಡುತ್ತದೆ. ಬಯಲಿನಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದ ಕಾರ್ಬನ್-14 ಏರಿ, ಪರೀಕ್ಷೆಗಳನ್ನು ಮಿತಿಗೊಳಿಸುವ ಒಪ್ಪಂದವಾದ 1963ರ ಹೊತ್ತಿಗೆ ಉತ್ತರಾರ್ಧಗೋಳದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಆಮೇಲೆ ವರ್ಷವರ್ಷ ಇಳಿಯಿತು. ಹತ್ತಿ ಒಂದು ಹಂಗಾಮಿನ ಬೆಳೆ. ಅದು ಆ ವರ್ಷದ ಗಾಳಿಯನ್ನೇ ನೂಲಾಗಿಸಿಕೊಳ್ಳುತ್ತದೆ. ಆದ್ದರಿಂದ "ಅರಸರ ಕಾಲದ" ಹತ್ತಿ ಬಟ್ಟೆ 1965ರದು ಎಂದು ತೋರಿಸಲು ಕಾರ್ಬನ್ ಸಮರ್ಥ, ನಿಜಕ್ಕೂ 1830ರದೆಂದು ತೋರಿಸಲು ಅಸಮರ್ಥ. ಈ ಅನುಕೂಲವೂ ಹೆಚ್ಚು ದಿನ ಉಳಿಯುವಂತಿಲ್ಲ. ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಲ್ಲಿ ಕಾರ್ಬನ್-14 ಇರುವುದೇ ಇಲ್ಲ, ಆ ಹೊಗೆ ಗಾಳಿಯನ್ನು ತೆಳುಮಾಡುತ್ತಿದೆ. ಹೊಗೆ ಹೀಗೆಯೇ ಮುಂದುವರಿದರೆ 2050ರ ಹೊಸ ಟೀ ಶರ್ಟಿಗೂ ಸಾವಿರ ವರ್ಷದ ಹಿಂದಿನ ನಿಲುವಂಗಿಗೂ ಕಾರ್ಬನ್ ಲೆಕ್ಕದಲ್ಲಿ ವ್ಯತ್ಯಾಸ ಇರುವುದಿಲ್ಲ ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆದರ್ ಗ್ರೇವನ್ 2015ರಲ್ಲಿ ಲೆಕ್ಕ ಹಾಕಿದ್ದರು.

ಪ್ರಯೋಗಶಾಲೆಗೆ ಹಣ ಸುರಿಯುವುದೇ ಆದರೆ ಬಣ್ಣದ ಪರೀಕ್ಷೆಗೆ ಸುರಿಯಿರಿ. ಒಳಹೊಲಿಗೆಯ ಅಂಚಿನಿಂದ ಬೆರಳುಗುರಿನಷ್ಟು ಉದ್ದದ ಎಳೆ ಸಾಕು. ಅಲ್ಲಿಯವರೆಗೆ ಕುಪ್ಯವನ್ನು ಒಗೆಯಬೇಡಿ, ಡ್ರೈ ಕ್ಲೀನಿಂಗ್‌ಗೂ ಕೊಡಬೇಡಿ, ಬಿಚ್ಚಿದ ಹೊಲಿಗೆಯನ್ನು ಹೊಸ ದಾರದಲ್ಲಿ ಹೊಲಿಸಬೇಡಿ. ಯಾರು, ಯಾವ ಮದುವೆಗೆ, ಯಾವ ಊರಿನಲ್ಲಿ ಹೊಲಿಸಿದ್ದೆಂದು ಮನೆಯವರಿಗೆ ನೆನಪಿದ್ದರೆ ಅದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಟ್ರಂಕಿನಲ್ಲಿಡಿ. ಶಾಯಿ ಮಳೆಗಾಲದಲ್ಲಿ ಹರಡಿ ಬಟ್ಟೆಗೆ ಕಲೆಯಾಗುತ್ತದೆ.