ಒಂದೇ ಮಳೆ, ಎರಡು ಹೊಳೆ: ಕೊಡಗಿನಲ್ಲಿ ನೀರಿಗಿಳಿಯುವ ಮುನ್ನ

ಕಾವೇರಿ ದಡದ ದುಬಾರೆಯಲ್ಲಿ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿಯ ಸವಾರಿ) ಮಾಡಿ ಬಂದವರು ಬರಪೊಳೆ ಎಂಬ ಇನ್ನೊಂದು ಹೊಳೆಯೂ ಹಾಗೇ ಇರುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಎರಡಕ್ಕೂ ನೀರು ಕೊಡುವುದು ಅದೇ ಮುಂಗಾರು. ವ್ಯತ್ಯಾಸವಿರುವುದು ಇಳಿಜಾರಿನಲ್ಲಿ.

ತಲಕಾವೇರಿ ಇರುವುದು ಸುಮಾರು 1,276 ಮೀಟರ್ ಎತ್ತರದಲ್ಲಿ. ಅಲ್ಲಿಂದ ಭಾಗಮಂಡಲ ತಲುಪುವಷ್ಟರಲ್ಲೇ ಕಾವೇರಿ ಮುನ್ನೂರು ಮೀಟರಿಗೂ ಹೆಚ್ಚು ಇಳಿದುಬಿಡುತ್ತದೆ. ಅಲ್ಲಿ ಕನ್ನಿಕೆ ಹೊಳೆಯನ್ನು ಕೂಡಿಕೊಂಡು ನಾಪೋಕ್ಲು, ಬಲಮುರಿ, ಕರಡಿಗೋಡು, ದುಬಾರೆ ದಾಟಿ ಕುಶಾಲನಗರಕ್ಕೆ ಬರುವವರೆಗಿನ ಅಷ್ಟೂ ದೂರದಲ್ಲಿ ಇಳಿಯುವುದು ನೂರು ಮೀಟರಿಗಿಂತ ಕಡಿಮೆ. ಜೋರು ಮಳೆ ಬಂದಾಗ ಈ ಊರುಗಳ ಗದ್ದೆ, ರಸ್ತೆಗಳಿಗೆ ನೀರು ನುಗ್ಗುವುದಕ್ಕೆ ಇದೂ ಒಂದು ಕಾರಣ: ಬಂದ ನೀರು ಬೇಗ ಸಾಗುವುದಿಲ್ಲ, ಅಗಲವಾಗಿ ಹರಡುತ್ತದೆ. ದುಬಾರೆಯ ರಾಫ್ಟಿಂಗ್ ಸೌಮ್ಯವಾಗಿರುವುದೂ ಇದರಿಂದಲೇ.

ದಕ್ಷಿಣ ಕೊಡಗಿನ ಬರಪೊಳೆ ಪಶ್ಚಿಮಕ್ಕೆ ತಿರುಗುತ್ತದೆ. ಘಟ್ಟವನ್ನು ಕಡಿದಾಗಿ ಇಳಿದು, ಕೇರಳದ ವಳಪಟ್ಟಣಂ ನದಿಯನ್ನು ಸೇರಿ, ಅರಬ್ಬೀ ಸಮುದ್ರ ಮುಟ್ಟುತ್ತದೆ. ಗಡಿಯಾಚೆ ಇದೇ ಇಳಿತದಿಂದ 15 ಮೆಗಾವಾಟ್ ವಿದ್ಯುತ್ ತೆಗೆಯುತ್ತಾರೆ. ಬರಪೊಳೆಯ ರಾಫ್ಟಿಂಗ್ ಮಳೆಗಾಲದ್ದೇ. ಮಳೆ ನಿಂತು ನೀರು ಇಳಿದರೆ ಬಂಡೆಗಳು ಮೇಲೇಳುತ್ತವೆ, ರಾಫ್ಟ್ ಸಾಗುವುದಿಲ್ಲ.

ಹರಿವಿನ ವೇಗ ಎರಡು ಪಟ್ಟಾದರೆ ನೀರು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮಂಡಿಮಟ್ಟದ ನೀರು ದೊಡ್ಡವರನ್ನೂ ಕೆಡವುವುದು ಹೀಗೆ. ಬಿದ್ದವರು ಕೂಡಲೇ ಎದ್ದು ನಿಲ್ಲಲು ನೋಡುತ್ತಾರೆ. ಅದೇ ಅಪಾಯ. ಎರಡು ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಾಗಿಸಿ ಮುಖ ಮುಳುಗಿಸುತ್ತದೆ, ಕಾಲು ಬಿಡಿಸಿಕೊಳ್ಳಲು ಆಗುವುದೇ ಇಲ್ಲ. ಬಿದ್ದರೆ ಅಂಗಾತ ಮಲಗಿ. ಪಾದಗಳು ನೀರು ಹರಿಯುವ ದಿಕ್ಕಿಗಿರಲಿ, ಬೆರಳುಗಳು ನೀರಿನ ಮೇಲೆ ಕಾಣುತ್ತಿರಲಿ. ಬಂಡೆ ಎದುರಾದರೆ ಕಾಲಿನಿಂದ ಒದ್ದು ಸರಿಯಿರಿ. ಹರಿವು ಶಾಂತವಾದಲ್ಲಿ ಓರೆಯಾಗಿ ಈಜಿ ದಡ ಸೇರಿ. ಗೈಡ್ ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ. ಕೈಗೆ ಸುತ್ತಿಕೊಳ್ಳಬೇಡಿ, ಸುತ್ತಿಕೊಂಡರೆ ಬೇಕೆಂದಾಗ ಬಿಡಲಾಗದು.

ಲೈಫ್ ಜಾಕೆಟ್‌ನ ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಬೇರೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಲಿ. ಅದು ಕಿವಿಯವರೆಗೆ ಜಾರಿದರೆ ನೀರಿನಲ್ಲೂ ಜಾರುತ್ತದೆ. ನೊರೆನೀರಿನಲ್ಲಿ ಗಾಳಿಯೇ ತುಂಬಿರುವುದರಿಂದ ಅದು ನಮ್ಮನ್ನು ಕಡಿಮೆ ತೇಲಿಸುತ್ತದೆ. ಹಾಗಾಗಿ ಚೆನ್ನಾಗಿ ಈಜು ಬಲ್ಲವರಿಗೂ ಜಾಕೆಟ್ ಬೇಕೇ ಬೇಕು. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಿರಿ. ಬಿಟ್ಟರೆ ಅದು ಪಕ್ಕದವರ ಹಲ್ಲಿಗೇ ಬಡಿಯುವುದು.

ಬಿದ್ದ ಮರ, ನೀರಿಗೆ ಬಾಗಿದ ಬಿದಿರುಮೆಳೆ ಬಂಡೆಗಿಂತ ಕೆಟ್ಟದ್ದು. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಕಿರು ಅಣೆಕಟ್ಟಿನ ಕೆಳಗೆ ನೀರಿನ ಮೇಲ್ಪದರ ಹಿಂದಕ್ಕೇ ಹರಿಯುತ್ತಿರುತ್ತದೆ. ನೋಡಲು ಸಪಾಟಾಗಿ ಕಂಡರೂ ಬಿದ್ದವರನ್ನು ಮತ್ತೆ ಮತ್ತೆ ಕಟ್ಟೆಯತ್ತ ಎಳೆಯುತ್ತದೆ. ಅಲ್ಲಿಗೆ ಇಳಿಯಲೇಬಾರದು.

ಬೇಸಿಗೆಯಲ್ಲಿ ದುಬಾರೆಯ ಬಂಡೆಗಳ ಮೇಲೆ ಕುಳಿತು ಕಾಲು ಇಳಿಬಿಡುವುದು ನಿಜಕ್ಕೂ ಸುಖ. ಆದರೆ ಪಾಚಿ ಹಿಡಿದ ಕಲ್ಲು ಜಾರುತ್ತದೆ, ಪಕ್ಕದಲ್ಲೇ ಆಳದ ಮಡು ಇರಬಹುದು. ನೀವು ಕುಳಿತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಎಲೆಕಡ್ಡಿ ತೇಲಿಬರತೊಡಗಿದರೆ ನಡುಬಂಡೆಯಿಂದ ಆಗಲೇ ದಡಕ್ಕೆ ಬನ್ನಿ. ಚಪ್ಪಲಿ, ಚೀಲಕ್ಕಾಗಿ ತಿರುಗಿ ಹೋಗಬೇಡಿ.