ಪದ ಪರಿಚಯ: ಕೋಜೆನ್

ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳ ಸುದ್ದಿ ಬಂದಾಗಲೆಲ್ಲ ‘ಕೋಜೆನ್ ಘಟಕ’ ಅನ್ನುವ ಮಾತೂ ಬರುತ್ತದೆ. ಕೋಜನರೇಷನ್ ಅನ್ನುವುದರ ಗಿಡ್ಡ ರೂಪ ಇದು, ಕನ್ನಡದಲ್ಲಿ ಸಹವಿದ್ಯುತ್ ಉತ್ಪಾದನೆ. ಬಾಯ್ಲರಿನಿಂದ ಹೊರಟ ಉಗಿ ಮೊದಲು ಟರ್ಬೈನ್ ತಿರುಗಿಸಿ ಕರೆಂಟು ಕೊಡುತ್ತದೆ, ಮೈಯಲ್ಲಿ ಇನ್ನೂ ಬಿಸಿ ಇರುವಾಗಲೇ ಹೋಗಿ ಕಬ್ಬಿನ ಹಾಲು ಕಾಯಿಸುತ್ತದೆ. ಅರೆದುಳಿದ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡಿದ್ದೆಲ್ಲ ಕೋಜೆನ್ ಎಂದುಕೊಂಡವರಿದ್ದಾರೆ. ಹಾಲು ಕಾಯಿಸುವ ಆ ಎರಡನೇ ಕೆಲಸ ಇಲ್ಲದಿದ್ದರೆ ಅದು ಬರೀ ವಿದ್ಯುತ್ ಸ್ಥಾವರ.

ಆಲೆಮನೆಯವರು ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ ಒಲೆಗೆ ಹಾಕುತ್ತಾರೆ. ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ. ಅರ್ಧಕ್ಕರ್ಧ ತೇವವಿರುವ ಸಿಪ್ಪೆಯೇ ಗಾಣದಿಂದ ನೇರ ಬಾಯ್ಲರಿಗೆ. ಟನ್ ಕಬ್ಬು ಅರೆದರೆ ಸುಮಾರು 300 ಕೆಜಿ ಸಿಪ್ಪೆ, ಅದರಿಂದ 600 ಕೆಜಿ ಉಗಿ. ಸಕ್ಕರೆ ಮಾಡಲು ಅದರಲ್ಲಿ 450 ಕೆಜಿ ಆಸುಪಾಸು ಬೇಕು.

ಲೆಕ್ಕ ತಿರುಗುವುದು ಒತ್ತಡದಲ್ಲಿ. ಹಳೆಯ ಬಾಯ್ಲರುಗಳದು ಚದರ ಸೆಂಟಿಮೀಟರಿಗೆ 21 ಕೆಜಿ. ಒಂದು ಯೂನಿಟ್ ಕರೆಂಟಿಗೆ 11–12 ಕೆಜಿ ಉಗಿ ಬೇಕು. ಹುಟ್ಟಿದ ಕರೆಂಟು ಗಾಣ, ಪಂಪು ಓಡಿಸುವುದಕ್ಕೇ ಸರಿಹೋಗುತ್ತದೆ. 67 ಕೆಜಿ ಒತ್ತಡ, 485 ಡಿಗ್ರಿಯ ಬಾಯ್ಲರಿಟ್ಟರೆ ಯೂನಿಟ್ಟಿಗೆ 6–7 ಕೆಜಿ ಸಾಕು. ಸಕ್ಕರೆಗೆ ಬೇಡದೆ ಮಿಕ್ಕ 150 ಕೆಜಿಯನ್ನು ಟರ್ಬೈನಿನಲ್ಲೇ ಪೂರ್ತಿ ಹಿಂಡಿಕೊಂಡು, ಉಗಿ ತಣಿಸುವ ಕಂಡೆನ್ಸರಿನಲ್ಲಿ ನೀರಾಗಿಸಿದರೆ ಟನ್ನಿಗೆ ಒಟ್ಟು 100 ಯೂನಿಟ್ಟು. ದಿನಕ್ಕೆ 5,000 ಟನ್ ಅರೆಯುವ ಕಡೆ 20 ಮೆಗಾವ್ಯಾಟ್ ಆಯಿತು. ಮೂರರಲ್ಲೊಂದು ಪಾಲು ಸ್ವಂತಕ್ಕೆ, ಉಳಿದದ್ದು 11 ಕಿಲೋವೋಲ್ಟಿನಿಂದ 66 ಕಿಲೋವೋಲ್ಟಿಗೆ ಏರಿ ವಿದ್ಯುತ್ ಜಾಲಕ್ಕೆ. ಕಬ್ಬು ಮಾತ್ರ ಒಂದು ಜಲ್ಲೆಯೂ ಹೆಚ್ಚಿಲ್ಲ.

ತೇವ ಶೇ 50ರಿಂದ 53ಕ್ಕೆ ಏರಿದರೂ ಬೆಂಕಿ ಮಂಕಾಗುತ್ತದೆ. ಕೊನೆಯ ಗಾಣದ ರೋಲರು ಸವೆದಿದೆಯೇ ಎಂದು ಮೊದಲು ಅಲ್ಲಿ ನೋಡಬೇಕು. ಅದಕ್ಕಿಂತ ಕೆಟ್ಟದ್ದು, ಹಾಲು ಕಾಯಿಸುವ ಪಾತ್ರೆಯ ಕೊಳವೆ ಸೋರಿ ಸಕ್ಕರೆ ಅಂಶ ಬಾಯ್ಲರ್ ನೀರಿಗೆ ಸೇರುವುದು. ಆ ಬಿಸಿಗೆ ನೀರು ಹುಳಿಯಾಗಿ ನೊರೆಯೇಳುತ್ತದೆ, ಕೊಳವೆಯೊಳಗೆ ಕರಿ ಪದರ ಕಟ್ಟುತ್ತದೆ, ಕೊಳವೆ ಉಬ್ಬಿ ಒಡೆಯುತ್ತದೆ. ಅದಕ್ಕೇ ಹಾಲು ಕಾಯಿಸಿದ ಉಗಿ ತಣಿದು ಬಾಯ್ಲರಿಗೆ ವಾಪಸು ಬರುವ ನೀರನ್ನು ಪ್ರನಾಳಕ್ಕೆ ಹಿಡಿದು, ಆಲ್ಫಾ-ನಾಫ್ಥಾಲ್ ಎಂಬ ರಾಸಾಯನಿಕ ಬೆರೆಸಿ, ಗೋಡೆಗುಂಟ ಗಂಧಕಾಮ್ಲ ಇಳಿಬಿಡುತ್ತಾರೆ. ನೇರಳೆ ಉಂಗುರ ಮೂಡಿತೋ, ಸಕ್ಕರೆ ಸೇರಿದೆ ಎಂದೇ ಅರ್ಥ, ಆ ನೀರು ಚರಂಡಿಗೆ.

ಜಲವಿದ್ಯುತ್ ಕೈಕೊಟ್ಟಾಗ ಕೋಜೆನ್ ಆಸರೆ ಅನ್ನುವವರು ಇಲ್ಲಿ ಸ್ವಲ್ಪ ತಡೆಯಬೇಕು. ಕೆಆರ್‌ಎಸ್ ತುಂಬದ ವರ್ಷ ಶಿವನಸಮುದ್ರಕ್ಕೂ ನೀರು ಸಾಲದು, ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಕಬ್ಬೂ ಒಣಗುತ್ತದೆ. ಮುಂದಿನ ಹಂಗಾಮಿಗೆ ಸಿಪ್ಪೆಗೂ ಬರ.