ಕರು ಸಾಕಿದ ಶಾಲೆಯಲ್ಲಿ ಮೀಥೇನ್ ಪಾಠ: ನ್ಯೂಜಿಲೆಂಡಿನ ರೈತ ಪೋಷಕರ ಅಸಮಾಧಾನ ಬೆಳೆದು ಬಂದ ದಾರಿ

ಜನವರಿ 2020ರಲ್ಲಿ, ಬೇಸಿಗೆ ರಜೆ ಮುಗಿಯಲು ಇನ್ನೂ ಕೆಲವು ವಾರಗಳಿರುವಾಗ, ನ್ಯೂಜಿಲೆಂಡ್ ಸರ್ಕಾರ ಹವಾಮಾನ ಬದಲಾವಣೆಯ ಕುರಿತ ಪಾಠ ಸಾಮಗ್ರಿಯೊಂದನ್ನು ದೇಶದ ಶಾಲೆಗಳಿಗೆಲ್ಲ ಒದಗಿಸುವುದಾಗಿ ಪ್ರಕಟಿಸಿತು. 11ರಿಂದ 15 ವರ್ಷದೊಳಗಿನ ಮಕ್ಕಳನ್ನು ಗಮನದಲ್ಲಿಟ್ಟು ರೂಪಿಸಿದ ಈ ಸಾಮಗ್ರಿಯನ್ನು 2018ರಲ್ಲಿ ಕ್ರೈಸ್ಟ್‌ಚರ್ಚ್ ನಗರದ ಸೌತ್ ನ್ಯೂ ಬ್ರೈಟನ್ ಶಾಲೆಯಲ್ಲಿ ಪ್ರಯೋಗಿಸಿ ನೋಡಲಾಗಿತ್ತು. ಶಿಕ್ಷಣ ಸಚಿವ ಕ್ರಿಸ್ ಹಿಪ್ಕಿನ್ಸ್ ಮತ್ತು ಹವಾಮಾನ ಖಾತೆಯ ಸಚಿವ ಜೇಮ್ಸ್ ಶಾ ಇದರ ಬೆನ್ನಿಗಿದ್ದರು. ವಿಜ್ಞಾನ ಏನು ಹೇಳುತ್ತದೆ, ದೇಶ ಏನು ಮಾಡುತ್ತಿದೆ, ಈ ಸುದ್ದಿಗಳಿಂದ ಮಕ್ಕಳ ಮನಸ್ಸಿನಲ್ಲಿ ಏಳುವ ಆತಂಕವನ್ನು ಹೇಗೆ ಸಂಭಾಳಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಮಕ್ಕಳು ತಾವಾಗಿ ಮಾಡಬಹುದಾದ ಕೆಲಸಗಳ ನಡುವೆ, ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಕಡಿಮೆ ತಿನ್ನುವ ಸಲಹೆಯೂ ಇತ್ತು.

ರೈತರ ಪ್ರಮುಖ ಸಂಘಟನೆಯಾದ ಫೆಡರೇಟೆಡ್ ಫಾರ್ಮರ್ಸ್ ಕೂಡಲೇ ಆಕ್ಷೇಪ ಎತ್ತಿತು. ವಿರೋಧ ಪಕ್ಷವಾಗಿದ್ದ ನ್ಯಾಷನಲ್ ಪಕ್ಷದ ಸದಸ್ಯರೂ ದನಿಗೂಡಿಸಿದರು. ಹೊರಗಿನಿಂದ ನೋಡಿದವರಿಗೆ ಇದು ಒಂದು ವಾಕ್ಯದ ಮೇಲಿನ ಅತಿಯಾದ ಸಿಟ್ಟಿನಂತೆ ಕಂಡಿರಬಹುದು. ಆದರೆ ಆ ದೇಶದಲ್ಲಿ ಶಾಲೆಗೂ ಜಾನುವಾರಿಗೂ ಇರುವ ನಂಟು ಎಷ್ಟು ಹಳೆಯದು, ಅದು ಹೇಗೆ ಸಡಿಲವಾಗುತ್ತ ಬಂತು ಎಂಬುದನ್ನು ತಿಳಿದರೆ, ಆ ಸಿಟ್ಟಿನ ಯಾವ ಭಾಗ ನ್ಯಾಯವಾದದ್ದು, ಯಾವ ಭಾಗವನ್ನು ಒಪ್ಪಲಾಗದು ಎಂದು ಬಿಡಿಸಿ ನೋಡಲು ಸಾಧ್ಯವಾಗುತ್ತದೆ.

ನ್ಯೂಜಿಲೆಂಡಿನ ಹಳ್ಳಿಶಾಲೆಗಳಲ್ಲಿ 'ಕಾಫ್ ಕ್ಲಬ್' ಎಂಬ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ನಡೆದು ಬಂದಿದೆ. ಆ ದೇಶದಲ್ಲಿ ಹಸುಗಳು ಕರು ಹಾಕುವುದು ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಚಳಿಗಾಲ ಕಳೆದು ಹುಲ್ಲು ಚಿಗುರುವ ಹೊತ್ತಿಗೆ. ಮಗು ತನ್ನದೆಂದು ಒಂದು ಕರುವನ್ನೋ ಕುರಿಮರಿಯನ್ನೋ ಆರಿಸಿಕೊಂಡು, ಬೆಳಿಗ್ಗೆ ಸಂಜೆ ಬಾಟಲಿಯಲ್ಲಿ ಹಾಲು ಕುಡಿಸಿ, ಮೈ ಉಜ್ಜಿ, ಹಗ್ಗ ಹಿಡಿದು ನಡೆಸುವುದನ್ನು ಅಭ್ಯಾಸ ಮಾಡಿಸಿ, ವಸಂತದ ಒಂದು ದಿನ ಶಾಲೆಯ ಮೈದಾನಕ್ಕೆ ಕರೆತರುತ್ತದೆ. ಕರು ಹಗ್ಗ ಜಗ್ಗದೆ ನಡೆಯುತ್ತದೆಯೇ, ಕುರಿಮರಿ ಕರೆದಾಗ ಓಡಿ ಬರುತ್ತದೆಯೇ, ಪ್ರಾಣಿ ಚೊಕ್ಕಟವಾಗಿ, ಮೈಕೈ ತುಂಬಿಕೊಂಡಿದೆಯೇ ಎಂದು ತೀರ್ಪುಗಾರರು ನೋಡಿ ಬಣ್ಣದ ರಿಬ್ಬನ್ ಕಟ್ಟುತ್ತಾರೆ. ಶಾಲೆ ಮತ್ತು ಕೃಷಿ ಇಲಾಖೆಗಳು ಕೂಡಿ ಬೆಳೆಸಿದ ಈ ಪದ್ಧತಿಗೆ ಒಂದು ಸ್ಪಷ್ಟ ಉದ್ದೇಶವಿತ್ತು: ಒಳ್ಳೆಯ ತಳಿ, ಒಳ್ಳೆಯ ಆರೈಕೆಯ ಅರಿವು ಮಕ್ಕಳ ಮೂಲಕ ತಂದೆತಾಯಿಯರಿಗೂ ತಲುಪಲಿ ಎಂಬುದು. ಶಾಲೆ ಆಗ ಹೈನುಗಾರಿಕೆಯ ವಿಸ್ತರಣಾ ಕೇಂದ್ರವೇ ಆಗಿತ್ತೆನ್ನಬಹುದು.

1937ರಲ್ಲಿ ಮೊದಲ ಲೇಬರ್ ಸರ್ಕಾರ ಶಾಲಾ ಮಕ್ಕಳಿಗೆ ದಿನಕ್ಕೆ ಅರ್ಧ ಪಿಂಟ್, ಎಂದರೆ ಸುಮಾರು 284 ಮಿಲಿಲೀಟರ್ ಹಾಲನ್ನು ಉಚಿತವಾಗಿ ಕೊಡತೊಡಗಿತು. ಮಕ್ಕಳ ಆರೋಗ್ಯ ಒಂದು ಕಾರಣ, ಹೆಚ್ಚುವರಿ ಹಾಲಿಗೆ ದಾರಿ ಮಾಡುವುದು ಇನ್ನೊಂದು. ನಮ್ಮಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಿಂದೆಯೂ ಇವೆರಡೇ ಕಾರಣಗಳಿದ್ದವು ಎಂಬುದನ್ನು ನೆನೆದರೆ, ಹೈನುಗಾರಿಕೆಯ ನಾಡುಗಳು ಎಷ್ಟು ದೂರದಲ್ಲಿದ್ದರೂ ಒಂದೇ ರೀತಿ ಯೋಚಿಸುತ್ತವೆ ಎನಿಸುತ್ತದೆ. ನ್ಯೂಜಿಲೆಂಡಿನ ಯೋಜನೆ 1967ರವರೆಗೆ ನಡೆಯಿತು. ಆ ಮೂವತ್ತು ವರ್ಷ ಶಾಲೆಗೆ ಹೋದ ಮಗುವಿಗೆ ಹಾಲೆಂದರೆ ಒಳಿತು, ಹೈನುಗಾರನೆಂದರೆ ದೇಶದ ಬೆನ್ನೆಲುಬು ಎಂಬುದನ್ನು ಯಾರೂ ಪಾಠವಾಗಿ ಹೇಳಬೇಕಿರಲಿಲ್ಲ. ಬೆಂಚಿನ ಮೇಲಿನ ಬಾಟಲಿಯೇ ಹೇಳುತ್ತಿತ್ತು.

ಈ ಚಿತ್ರ ಬದಲಾದದ್ದು ಮೊದಲು ಹೊಲದಲ್ಲಿ, ಆಮೇಲೆ ತರಗತಿಯಲ್ಲಿ. 1984ರಿಂದ ಸರ್ಕಾರ ಕೃಷಿಯ ಸಹಾಯಧನಗಳನ್ನು ತೆಗೆದುಹಾಕಿತು. 1982ರಲ್ಲಿ ಸುಮಾರು 7 ಕೋಟಿಯಿದ್ದ ಕುರಿಗಳ ಸಂಖ್ಯೆ ಇಳಿಯುತ್ತ ಹೋಗಿ 2020ರ ವೇಳೆಗೆ ಸುಮಾರು 2.6 ಕೋಟಿಗೆ ಬಂತು. ಅದೇ ಅವಧಿಯಲ್ಲಿ ಹೈನುರಾಸುಗಳು 1990ರ ಸುಮಾರು 34 ಲಕ್ಷದಿಂದ 2014ರಲ್ಲಿ ಸುಮಾರು 67 ಲಕ್ಷಕ್ಕೆ ಏರಿದವು. ಕುರಿ ಮೇಯುತ್ತಿದ್ದ ಬಯಲುಗಳಿಗೆ ನೀರಾವರಿ ಬಂತು, ಗೊಬ್ಬರ ಬಂತು, ಹಸುಗಳು ಬಂದವು. ಹಸುವಿನ ಗಂಜಲದ ಸಾರಜನಕ ಮಣ್ಣಿನಲ್ಲಿ ಇಳಿದು ತೊರೆಗಳನ್ನೂ ಅಂತರ್ಜಲವನ್ನೂ ಸೇರತೊಡಗಿತು. 2002ರಲ್ಲಿ ಹವ್ಯಾಸಿ ಮೀನುಗಾರರ, ಬೇಟೆಗಾರರ ಹಿತ ಕಾಯುವ ಫಿಶ್ ಅಂಡ್ ಗೇಮ್ ಸಂಸ್ಥೆ ಇದನ್ನು ಕೊಳಕು ಹೈನುಗಾರಿಕೆ ಎಂದು ಹೆಸರಿಟ್ಟು ದೊಡ್ಡ ಪ್ರಚಾರ ಕೈಗೊಂಡಿತು. ಮರುವರ್ಷವೇ ಹೈನುಗಾರರ ಫಾಂಟೆರಾ ಸಹಕಾರಿ ಸಂಸ್ಥೆ, ಪ್ರಾದೇಶಿಕ ಆಡಳಿತಗಳು ಮತ್ತು ಸರ್ಕಾರ ಸೇರಿ ತೊರೆಗಳಿಗೆ ದನ ಇಳಿಯದಂತೆ ತಡೆಯುವ ಒಪ್ಪಂದಕ್ಕೆ ಬಂದವು. ದೂರಿನಲ್ಲಿ ನಿಜವಿರದಿದ್ದರೆ ಅಂಥ ಒಪ್ಪಂದದ ಅಗತ್ಯ ಬೀಳುತ್ತಿರಲಿಲ್ಲ.

2003ರಲ್ಲಿಯೇ ಇನ್ನೊಂದು ಘಟನೆಯೂ ನಡೆಯಿತು. ಜಾನುವಾರುಗಳಿಂದ ಬರುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದ ಕುರಿತ ಸಂಶೋಧನೆಗೆ ಹಣ ಹೊಂದಿಸಲು ಸರ್ಕಾರ ರೈತರ ಮೇಲೆ ಸಣ್ಣ ಸುಂಕವೊಂದನ್ನು ಹಾಕಲು ಹೊರಟಾಗ, ಅದಕ್ಕೆ 'ಹೂಸಿನ ತೆರಿಗೆ' ಎಂದು ಹೆಸರು ಬಿತ್ತು. ಸೆಪ್ಟೆಂಬರ್‌ನಲ್ಲಿ ಸಂಸದ ಶೇನ್ ಆರ್ಡರ್ನ್ ಹಳೆಯ ಟ್ರ್ಯಾಕ್ಟರೊಂದನ್ನು ಸಂಸತ್ ಭವನದ ಮೆಟ್ಟಿಲುಗಳ ಮೇಲೆ ಹತ್ತಿಸಿದರು. ಸುಂಕ ಬಿದ್ದುಹೋಯಿತು. ಆದರೆ ಆ ಹೆಸರು ಮಾತ್ರ ಉಳಿದುಕೊಂಡಿತು, ಅದೂ ತಪ್ಪು ತಿಳಿವಳಿಕೆಯೊಡನೆ. ಹಸು, ಕುರಿಗಳ ಮೀಥೇನ್ ಹುಟ್ಟುವುದು ಅವುಗಳ ಮೊದಲ ಹೊಟ್ಟೆಯಲ್ಲಿ, ಮೇದ ಹುಲ್ಲನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ. ಅದು ಹೊರಬರುವುದು ಹೆಚ್ಚಾಗಿ ತೇಗಿನ ಮೂಲಕ. ಮೆಲುಕು ಹಾಕುವ ಪ್ರಾಣಿಯ ಈ ಅದ್ಭುತವಾದ ಹೊಟ್ಟೆ, ಮನುಷ್ಯ ತಿನ್ನಲಾಗದ ಹುಲ್ಲನ್ನು ಹಾಲಾಗಿ ಮಾಡುವ ಅದೇ ಹೊಟ್ಟೆ, ಶಾಲೆಯ ವಿಜ್ಞಾನಕ್ಕೆ ಎಂಥ ಸೊಗಸಾದ ಪಾಠವಾಗಬಹುದಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇಷ್ಟು ಹೊತ್ತಿಗೆ ದೇಶದ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಪಟ್ಟಣ, ನಗರಗಳಲ್ಲಿ ವಾಸಿಸುತ್ತಿದ್ದರು. 2003-04ರ ಶಾಲಾ ಮರುಪರಿಶೀಲನೆಯಲ್ಲಿ ಹಲವು ಸಣ್ಣ ಹಳ್ಳಿಶಾಲೆಗಳು ಮುಚ್ಚಿದವು, ಇಲ್ಲವೇ ಬೇರೆ ಶಾಲೆಗಳೊಡನೆ ವಿಲೀನಗೊಂಡವು. ಅಜ್ಜನ ಹೊಲಕ್ಕೆ ರಜೆಯಲ್ಲಿ ಹೋಗುವ ನಗರದ ಮಕ್ಕಳೂ ಕಡಿಮೆಯಾಗುತ್ತ ಬಂದರು. ಹಳ್ಳಿಶಾಲೆ ಎಂಟನೇ ವರ್ಷದವರೆಗೆ ಇದ್ದರೂ, ಸುಮಾರು ಹದಿಮೂರರ ವಯಸ್ಸಿಗೆ ರೈತನ ಮಗು ಬಸ್ಸು ಹಿಡಿದು ಪಟ್ಟಣದ ಪ್ರೌಢಶಾಲೆಗೆ ಹೋಗಬೇಕು. ಕರು ಕಟ್ಟಿಕೊಂಡು ಬಂದ ಮೈದಾನವನ್ನು ಬಿಟ್ಟು, ಹೈನುಗಾರಿಕೆಯೆಂದರೆ ನದಿ ಕೆಡಿಸುವ ಉದ್ಯಮ ಎಂದು ಸುದ್ದಿಯಲ್ಲಷ್ಟೇ ಕೇಳಿದ ಸಹಪಾಠಿಗಳ ನಡುವೆ ಅದು ಕುಳಿತುಕೊಳ್ಳುತ್ತದೆ. 2020ರ ಸಾಮಗ್ರಿ ಉದ್ದೇಶಿಸಿದ್ದು ಸರಿಯಾಗಿ ಈ ವಯಸ್ಸಿನವರನ್ನೇ. ಪೋಷಕರ ಆತಂಕದ ತೀವ್ರತೆ ಇಲ್ಲಿಂದ ಬಂದದ್ದೆಂದು ನನ್ನ ತಿಳಿವಳಿಕೆ. ಸಂಜೆ ಮನೆಗೆ ಬಂದ ಮಗು ಅಪ್ಪನ ಬೂಟುಗಳನ್ನು, ಹಾಲು ಕರೆಯುವ ಕೊಟ್ಟಿಗೆಯನ್ನು ನೋಡಿ, ಇದೆಲ್ಲ ತಪ್ಪೇ ಎಂದು ಕೇಳಿದರೆ ಏನು ಹೇಳುವುದೆಂಬ ಭಯ ಅದು.

ಕಾಫ್ ಕ್ಲಬ್ಬಿನ ಕಾಲವನ್ನು ಮರಳಿ ನೆನೆಯುವಾಗ ಒಂದು ಮಾತನ್ನು ಬಿಡಬಾರದು. ಆ ಪದ್ಧತಿಯೂ ಎಲ್ಲವನ್ನೂ ಹೇಳುತ್ತಿರಲಿಲ್ಲ. ಹಸು ಹಾಲು ಕೊಡಬೇಕಾದರೆ ವರ್ಷಕ್ಕೊಂದು ಕರು ಹಾಕಬೇಕು. ಹಿಂಡಿಗೆ ಬೇಡವಾದ ಕರುಗಳನ್ನು, ಅವುಗಳಲ್ಲಿ ಹೆಚ್ಚಿನವು ಹೋರಿಗರುಗಳು, ಹುಟ್ಟಿದ ಕೆಲವೇ ದಿನಗಳಲ್ಲಿ ಕಸಾಯಿಖಾನೆಗೆ ಕಳಿಸಲಾಗುತ್ತದೆ. ಅವನ್ನು ಅಲ್ಲಿ 'ಬಾಬಿ' ಕರುಗಳೆನ್ನುತ್ತಾರೆ. ಅವುಗಳ ಸಂಖ್ಯೆ ವರ್ಷಕ್ಕೆ ಇಪ್ಪತ್ತು ಲಕ್ಷದ ಆಸುಪಾಸು. ನವೆಂಬರ್ 2015ರಲ್ಲಿ ಪ್ರಾಣಿದಯಾ ಸಂಘಟನೆಗಳು ಈ ಕರುಗಳನ್ನು ಎಸೆಯುವ, ಹೊಡೆಯುವ ದೃಶ್ಯಗಳನ್ನು ದೂರದರ್ಶನದಲ್ಲಿ ತೋರಿಸಿದಾಗ ದೇಶ ಬೆಚ್ಚಿತು. ಮರುವರ್ಷ ಸರ್ಕಾರ ಹೊಸ ನಿಯಮಗಳನ್ನು ತಂದಿತು. ಹೈನುಗಾರನ ಮನೆಯ ಮಗುವಿಗೆ ಈ ಸಂಗತಿ ಮೊದಲೇ ಗೊತ್ತು. ತನ್ನ ಕುರಿಮರಿಯೂ ಒಂದು ದಿನ ಲಾರಿ ಹತ್ತುತ್ತದೆಂಬುದನ್ನು ಅದು ಅತ್ತು ಅರಗಿಸಿಕೊಂಡಿರುತ್ತದೆ. ನಗರದ ಮಗುವಿಗೆ ಇದನ್ನು ಹೇಳುವವರು ಇರಲಿಲ್ಲ. ಶಾಲೆ ಹೇಳಲಿಲ್ಲ, ಉದ್ಯಮ ಮಕ್ಕಳಿಗಾಗಿ ಮಾಡಿದ ಬಣ್ಣದ ಪುಸ್ತಿಕೆಗಳೂ ಹೇಳಲು ಹಿಂಜರಿದವು. ಆದ್ದರಿಂದ ಅದು ತಿಳಿದಾಗ ಮೋಸ ಹೋದ ಭಾವ ಮೂಡಿದ್ದು ಸಹಜ.

2017ರಲ್ಲಿ ದಕ್ಷಿಣ ದ್ವೀಪದಲ್ಲಿ ಮೈಕೊಪ್ಲಾಸ್ಮಾ ಬೋವಿಸ್ ಎಂಬ ರೋಗ ಪತ್ತೆಯಾಯಿತು. ಅದನ್ನು ಬೇರು ಸಮೇತ ಕಿತ್ತುಹಾಕಲು ಸರ್ಕಾರ 2018ರಲ್ಲಿ ನಿರ್ಧರಿಸಿತು; ಮುಂದಿನ ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರಾಸುಗಳನ್ನು ಕೊಲ್ಲಬೇಕಾಯಿತು. ಬೇರೆ ಬೇರೆ ಹಿಂಡಿನ ಕರುಗಳು ಒಂದೆಡೆ ಸೇರಬಾರದೆಂದು 2018ರ ವಸಂತದಲ್ಲಿ ಅನೇಕ ಶಾಲೆಗಳು ಕರುಗಳ ದಿನವನ್ನು ರದ್ದುಮಾಡಿದವು, ಇಲ್ಲವೇ ಕರುಗಳನ್ನು ಬಿಟ್ಟು ಬೇರೆ ಸಾಕುಪ್ರಾಣಿಗಳನ್ನು ಮಾತ್ರ ತರಲು ಹೇಳಿದವು. ಸೆಪ್ಟೆಂಬರ್ 2019ರಲ್ಲಿ ಹವಾಮಾನಕ್ಕಾಗಿ ಶಾಲಾ ಮಕ್ಕಳು ಕರೆಕೊಟ್ಟ ಮುಷ್ಕರದಲ್ಲಿ ದೇಶದಾದ್ಯಂತ ಸುಮಾರು 1.7 ಲಕ್ಷ ಜನ ಬೀದಿಗಿಳಿದರು. ನಾಲ್ಕು ತಿಂಗಳಲ್ಲಿ ಹೊಸ ಪಾಠ ಬಂತು.

ಆ ಪಾಠದ ವಿರುದ್ಧ ಎದ್ದ ಮಾತುಗಳಲ್ಲಿ, ಜಾನುವಾರಿನ ಪ್ರಸ್ತಾಪವನ್ನೇ ಮಕ್ಕಳ ಮುಂದೆ ಎತ್ತಬಾರದೆಂಬ ಧಾಟಿಯೂ ಇತ್ತು. ಅದನ್ನು ಒಪ್ಪುವುದು ಕಷ್ಟ. ದೇಶದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರುವುದು ಕೃಷಿಯಿಂದ, ಅದರಲ್ಲೂ ಹೆಚ್ಚಿನದು ಮೆಲುಕು ಹಾಕುವ ಪ್ರಾಣಿಗಳಿಂದ. ಕಾರು, ವಿಮಾನ, ಕಾರ್ಖಾನೆಗಳನ್ನು ಹೇಳಿ ಇದನ್ನು ಬಿಟ್ಟರೆ ಅದು ಪಾಠವೇ ಆಗದು.

ಆದರೆ ರೈತ ಪೋಷಕರ ಇನ್ನೊಂದು ವಾದ ಗಟ್ಟಿಯಾದುದು. ನವೆಂಬರ್ 2019ರಲ್ಲಿ, ಪಾಠ ಪ್ರಕಟವಾಗುವ ಎರಡು ತಿಂಗಳ ಮೊದಲು, ಇದೇ ಸರ್ಕಾರ ಶೂನ್ಯ ಇಂಗಾಲ ಕಾಯ್ದೆಯನ್ನು ಅಂಗೀಕರಿಸಿತ್ತು. ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ. ಮೀಥೇನ್ ಅದಕ್ಕಿಂತ ಬಹಳ ತೀವ್ರವಾಗಿ ಬಿಸಿ ಹಿಡಿಯುತ್ತದಾದರೂ ಸುಮಾರು ಹನ್ನೆರಡು ವರ್ಷದಲ್ಲಿ ಕರಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸಿ ಕಾಯ್ದೆ ಜಾನುವಾರು, ಕೊಳೆಯುವ ಕಸದಂಥ ಜೈವಿಕ ಮೂಲಗಳ ಮೀಥೇನಿಗೆ ಪ್ರತ್ಯೇಕ ಗುರಿಯಿಟ್ಟಿತು: 2017ರ ಮಟ್ಟಕ್ಕಿಂತ 2030ರೊಳಗೆ ಶೇ 10, 2050ರೊಳಗೆ ಶೇ 24ರಿಂದ 47ರಷ್ಟು ಇಳಿಕೆ. ಉಳಿದ ಅನಿಲಗಳು ಮಾತ್ರ 2050ಕ್ಕೆ ನಿವ್ವಳ ಶೂನ್ಯಕ್ಕೆ ಬರಬೇಕು. ಸಂಸತ್ತು ತಿಂಗಳುಗಟ್ಟಲೆ ಚರ್ಚಿಸಿ ಒಪ್ಪಿದ ಇಂಥ ವಿವೇಚನೆಯ ಮುಂದೆ, ಮಾಂಸ ಹಾಲು ಕಡಿಮೆ ಮಾಡು ಎಂಬ ಒಂದು ಸಾಲಿನ ಸಲಹೆ ಬಡಕಲಾಗಿ ಕಾಣುತ್ತದೆ. ನ್ಯೂಜಿಲೆಂಡ್ ತನ್ನ ಹಾಲಿನ ಉತ್ಪನ್ನಗಳಲ್ಲಿ ಸುಮಾರು ಶೇ 95ರಷ್ಟನ್ನು ಹೊರದೇಶಗಳಿಗೆ ಮಾರುತ್ತದೆ. ಆ ದೇಶದ ಮಗು ತನ್ನ ತಟ್ಟೆಯಲ್ಲಿ ಚೀಸ್ ಕಡಿಮೆ ಮಾಡಿದರೆ ಆ ದೇಶದ ಹಿಂಡಿನ ಮೀಥೇನಿನಲ್ಲಿ ಆಗುವ ವ್ಯತ್ಯಾಸ ತೀರ ಅಲ್ಪ. ಆಕ್ಲೆಂಡ್, ಹ್ಯಾಮಿಲ್ಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಾಂಸ ಮುಟ್ಟದ, ಹಾಲು ಮೊಸರನ್ನೇ ನೆಚ್ಚಿಕೊಂಡ ಮಕ್ಕಳೂ ಇರುತ್ತಾರೆ. ಎಲ್ಲರ ತಟ್ಟೆಗೂ ಒಂದೇ ಅಳತೆ ಹಿಡಿಯುವ ಸಲಹೆಗೆ ಅವರೂ ಏನು ಹೇಳಬೇಕೆಂದು ತಿಳಿಯದೆ ಕೂರಬೇಕಾದೀತು.

ಉತ್ತರವಾಗಿ ಉದ್ಯಮ ಸುಮ್ಮನೆ ಕೂತಿಲ್ಲ. ಹೈನುಗಾರರ ಹಣದಿಂದ ನಡೆಯುವ ಡೈರಿ ಎನ್‌ಜಡ್ ಸಂಸ್ಥೆ ಶಾಲೆಗಳಿಗೆ ಪಾಠ ಸಾಮಗ್ರಿಗಳನ್ನು ಕೊಡುತ್ತದೆ, ತರಗತಿಗಳನ್ನು ಹತ್ತಿರದ ಹೈನುಗಾರರ ಹೊಲಕ್ಕೆ ಜೋಡಿಸುತ್ತದೆ. ಯುವ ರೈತರ ಸಂಘಟನೆ ಶಾಲಾ ಮಕ್ಕಳಿಗೆ ಅಗ್ರಿಕಿಡ್ಸ್‌ನಂಥ ಕೃಷಿ ಸ್ಪರ್ಧೆಗಳನ್ನು ನಡೆಸುತ್ತದೆ. ಮಕ್ಕಳು ಹೊಲಕ್ಕೆ ಹೋಗಿ ಹಸುವಿನ ಬಿಸಿಯುಸಿರನ್ನು ಮುಖದ ಮೇಲೆ ಅನುಭವಿಸುವುದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೂ ಮಾರುವವರೇ ಪಾಠ ಬರೆದಾಗ ಬಾಬಿ ಕರುವಿನ ಪುಟ, ತೊರೆ ಸೇರುವ ಸಾರಜನಕದ ಪುಟ ತೆಳುವಾಗುವ ಅಪಾಯ ಇದ್ದೇ ಇರುತ್ತದೆ. ಸಚಿವಾಲಯದ ಪಾಠದಲ್ಲಿ ರೈತನ ದನಿ ಇಲ್ಲವೆಂದು ಆಕ್ಷೇಪಿಸುವವರು ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಾಗಿತ್ತು.

2020ರ ನಂತರ ಜಗಳ ಶಾಲೆಯಿಂದ ರಸ್ತೆಗೆ ಬಂತು. ಜುಲೈ 2021ರಲ್ಲಿ ಗ್ರೌಂಡ್‌ಸ್ವೆಲ್ ಎಂಬ ರೈತ ಗುಂಪಿನ ಕರೆಗೆ ಹತ್ತಾರು ಊರುಗಳಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಅಕ್ಟೋಬರ್ 2022ರಲ್ಲಿ ಸರ್ಕಾರ ಜಾನುವಾರಿನ ಅನಿಲಗಳಿಗೆ ಬೆಲೆ ಕಟ್ಟುವ ಪ್ರಸ್ತಾವ ಮುಂದಿಟ್ಟಿತು. 2023ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಆ ದಾರಿಯನ್ನು ಕೈಬಿಟ್ಟಿತು, ಅಕ್ಟೋಬರ್ 2025ರಲ್ಲಿ 2050ರ ಮೀಥೇನ್ ಗುರಿಯನ್ನೂ ಶೇ 14ರಿಂದ 24ರಷ್ಟು ಇಳಿಕೆಗೆ ಸಡಿಲಿಸುವುದಾಗಿ ಪ್ರಕಟಿಸಿತು. ಹಲವು ರೈತರಿಗೆ ಸಮಾಧಾನ ತಂದ ಈ ತಿರುವು ಶಿಕ್ಷಕರಿಗೆ ಹೊಸ ತೊಡಕು: 2020ರಲ್ಲಿ ಕಲಿತ ಅಕ್ಕನ ಪುಸ್ತಕದಲ್ಲೊಂದು ಸಂಖ್ಯೆ, ಈಗ ಕಲಿಯುವ ತಮ್ಮನ ಪುಸ್ತಕದಲ್ಲಿ ಇನ್ನೊಂದು. ಹಸುವಿನ ಹೊಟ್ಟೆಯಲ್ಲಂತೂ ಏನೂ ಬದಲಾಗಿಲ್ಲ.

ಹವಾಮಾನದ ಆ ಸಾಮಗ್ರಿ ಬಂದಾಗ ಅದು ಕಡ್ಡಾಯವಾಗಿರಲಿಲ್ಲ ಎಂಬುದನ್ನು ಗದ್ದಲದಲ್ಲಿ ಅನೇಕರು ಗಮನಿಸಲಿಲ್ಲ. 1989ರ ಸುಧಾರಣೆಯಿಂದ ಅಲ್ಲಿನ ಪ್ರತಿಯೊಂದು ಸರ್ಕಾರಿ ಶಾಲೆಯನ್ನೂ ಪೋಷಕರೇ ಚುನಾಯಿಸುವ ಮಂಡಳಿ ನಡೆಸುತ್ತದೆ; ಅಂಥ ಸಾಮಗ್ರಿಯನ್ನು ಬಳಸಬೇಕೇ, ಬಳಸಿದರೆ ಯಾವ ಭಾಗವನ್ನು ಎಂಬುದು ಆಯಾ ಶಾಲೆಗೆ ಬಿಟ್ಟ ವಿಷಯವಾಗಿತ್ತು. ಹಳ್ಳಿಶಾಲೆಯ ಮಂಡಳಿಯಲ್ಲಿ ರೈತರು ಮೊದಲಿನಿಂದಲೂ ಕುಳಿತಿದ್ದಾರೆ. ಅವರ ಮಕ್ಕಳು ಬಸ್ಸು ಹತ್ತಿ ಹೋಗುವ ಪಟ್ಟಣದ ಪ್ರೌಢಶಾಲೆಯ ಮಂಡಳಿಗೂ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, ಮತ್ತು ಆ ಶಾಲೆಯಲ್ಲಿ ಓದುವ ಮಗುವಿನ ತಾಯಿಯೋ ತಂದೆಯೋ, ಮನೆ ಎಷ್ಟು ಮೈಲಿ ದೂರದ ಹೊಲದಲ್ಲಿದ್ದರೂ, ಅದಕ್ಕೆ ನಿಲ್ಲಬಹುದು.